ಬ್ಯಾಂಕು ಬಾಗಿಲು ಹಾಕಿದರೆ, ಊರಲ್ಲಿ ಕರ್ಫ್ಯೂ ಬಂದರೆ: ತಿಂಗಳಿಗೆ 3,000 ರೂಪಾಯಿಯಲ್ಲಿ ಏನು ಮಾಡಬಹುದು?

ಪ್ರಶ್ನೆ: ಸರ್, ನಾವು ಉಡುಪಿ ಜಿಲ್ಲೆಯ ಪಡುಬಿದ್ರಿ ಬದಿಯವರು. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ಸಂಬಳ 16,000. ಗಂಡ ಗಲ್ಫಿನಲ್ಲಿದ್ದಾರೆ, ತಿಂಗಳಿಗೆ 28,000 ಕಳಿಸುತ್ತಾರೆ. ಮನೆ ಸಾಲದ ಕಂತು 14,000. ಇಬ್ಬರು ಮಕ್ಕಳ ಫೀಸು, ಅತ್ತೆಯ ಬಿಪಿ, ಶುಗರ್ ಮಾತ್ರೆ ಎಲ್ಲ ಸೇರಿ ಮನೆ ಖರ್ಚು 22,000. ಚೀಟಿಗೆ 5,000. ಉಳಿಯುವುದು 3,000. ಬ್ಯಾಂಕಿನಲ್ಲಿ 2.4 ಲಕ್ಷದ ಎಫ್‌ಡಿ ಇದೆ, ಒಂದು ಸೊಸೈಟಿಯಲ್ಲಿ 3 ಲಕ್ಷ ಇಟ್ಟಿದ್ದೇವೆ, 12 ಪವನು ಚಿನ್ನ ಇದೆ. ಈಚೆಗೆ ವಾಟ್ಸಾಪಿನಲ್ಲಿ ದಿನಾ ವೀಡಿಯೋ ಬರುತ್ತಿದೆ. ರೂಪಾಯಿ ಬಿದ್ದು ಹೋಗುತ್ತದೆ, ಬ್ಯಾಂಕುಗಳು ಬಾಗಿಲು ಹಾಕುತ್ತವೆ, ಜನ ಬೀದಿಗಿಳಿಯುತ್ತಾರೆ, ಈಗಲೇ ಹಣ ತೆಗೆದು ಚಿನ್ನ ಮಾಡಿ, ವರ್ಷಕ್ಕೆ ಬೇಕಾದ ಅಕ್ಕಿ ತುಂಬಿಸಿಡಿ ಅಂತ. ಶ್ರೀಲಂಕಾದ ಹಾಗೆ ನಮಗೂ ಆಗುತ್ತದಾ? ನಾನು ಹಣ ಎಲ್ಲ ತೆಗೆಯಬೇಕಾ? ಮೂಲ್ಕಿಯಲ್ಲಿ ಮೊಬೈಲ್ ಅಂಗಡಿ ಇರುವ ನನ್ನ ತಮ್ಮ, ಮನೆಯಲ್ಲಿ ಏನಾದರೂ ಆಯುಧ ಇಟ್ಟುಕೊಳ್ಳಿ ಅನ್ನುತ್ತಾನೆ. ಅತ್ತೆ ನಗುತ್ತಾರೆ. ನನಗೆ ನಿದ್ದೆ ಬರುವುದಿಲ್ಲ.

ಉತ್ತರ: ನಾನು 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಹೆಚ್ಚಿನ ಕಾಲ ಮಲ್ಪೆ, ಉಡುಪಿ, ಕಾಪು ಬದಿಯ ಶಾಖೆಗಳಲ್ಲಿ. ನಿವೃತ್ತಿಯಾದ ಮೇಲೆ ಸಾಲದಲ್ಲಿ ಸಿಕ್ಕಿಹಾಕಿಕೊಂಡವರ ಲೆಕ್ಕ ನೋಡಿಕೊಡುತ್ತಿದ್ದೇನೆ. ನಿಮ್ಮಂಥದ್ದೇ ಪ್ರಶ್ನೆ ಈಗ ವಾರಕ್ಕೆ ಎರಡಾದರೂ ಬರುತ್ತದೆ. ನೀವು ಒಂದು ಒಳ್ಳೆಯ ಕೆಲಸ ಮಾಡಿದ್ದೀರಿ, ಅಂಕಿ ಎಲ್ಲ ಬರೆದಿದ್ದೀರಿ. ಹೆದರಿಕೆಯನ್ನು ಲೆಕ್ಕ ಹಾಕಲು ಆಗುವುದಿಲ್ಲ, ಅಂಕಿಯನ್ನು ಆಗುತ್ತದೆ.

ನಿಮ್ಮ ಪತ್ರದಲ್ಲಿ ಮೂರು ಹೆದರಿಕೆ ಒಂದರೊಳಗೊಂದು ಸಿಕ್ಕಾಗಿದೆ. ಬ್ಯಾಂಕಿನ ಹಣ ಹೋಗುತ್ತದೆ ಅನ್ನುವುದು ಒಂದು. ಹಣ ಇದ್ದರೂ ಅದಕ್ಕೆ ಬೆಲೆ ಇರುವುದಿಲ್ಲ ಅನ್ನುವುದು ಇನ್ನೊಂದು. ಬೀದಿಯಲ್ಲಿ ಗಲಾಟೆ ಆಗುತ್ತದೆ ಅನ್ನುವುದು ಮೂರನೆಯದು. ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲು ಬ್ಯಾಂಕು. ನಮ್ಮ ಜಿಲ್ಲೆಯವರಿಗೆ ಈ ಹೆದರಿಕೆ ಸುಮ್ನೆ ಬಂದದ್ದಲ್ಲ. ಕಣ್ಣೆದುರೇ ಮೂರು ಬ್ಯಾಂಕಿನ ಬೋರ್ಡು ಇಳಿಯಿತು. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕ್, 2020ರ ಏಪ್ರಿಲಿನಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್. ಅಜ್ಜನ ಕಾಲದಿಂದ ಪಿಗ್ಮಿ ಕಟ್ಟಿದ ಬ್ಯಾಂಕಿನ ಹೆಸರೇ ಇಲ್ಲ ಅಂದರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ಆದರೆ ಅವು ಮುಳುಗಿದ್ದಲ್ಲ, ಬೇರೆ ಬ್ಯಾಂಕಿನ ಜೊತೆ ಸೇರಿದ್ದು. ಠೇವಣಿದಾರರ ಒಂದು ರೂಪಾಯಿಯೂ ಹೋಗಲಿಲ್ಲ. ಇನ್ನೊಂದು ಗಾಳಿಸುದ್ದಿಯ ಬೇರು 2017ರಲ್ಲಿದೆ. ಆಗ ಬಂದ ಎಫ್‌ಆರ್‌ಡಿಐ ಮಸೂದೆಯಲ್ಲಿ, ಸೋತ ಬ್ಯಾಂಕನ್ನು ಉಳಿಸಲು ಠೇವಣಿಯನ್ನೂ ಬಳಸಬಹುದು ಎಂಬ ಅರ್ಥದ ಮಾತಿತ್ತು. ಜನ ಗಾಬರಿಯಾದರು. 2018ರಲ್ಲಿ ಸರ್ಕಾರ ಮಸೂದೆಯನ್ನೇ ವಾಪಸ್ ಪಡೆಯಿತು. ವೀಡಿಯೋಗಳು ಮಾತ್ರ ಇನ್ನೂ ಸುತ್ತುತ್ತಿವೆ.

ಹಾಗಾದರೆ ಬ್ಯಾಂಕು ಬೀಳುವುದೇ ಇಲ್ಲವಾ? ಬೀಳುತ್ತದೆ. 2019ರಲ್ಲಿ ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕಿನ ಗ್ರಾಹಕರಿಗೆ ಮೊದಲು 1,000 ರೂಪಾಯಿ ಮಾತ್ರ ತೆಗೆಯಲು ಬಿಟ್ಟರು. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿನವರಿಗೆ 50,000ದ ಮಿತಿ ಬಂತು, ಅದು ಎರಡು ವಾರದೊಳಗೆ ಹೋಯಿತು. ಇಂಥದ್ದಕ್ಕೆ ಅಂತಲೇ ಠೇವಣಿ ವಿಮೆ ಇದೆ. ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. 2020ಕ್ಕೆ ಮೊದಲು ಇದು ಬರೀ 1 ಲಕ್ಷ ಇತ್ತು. 2021ರ ತಿದ್ದುಪಡಿ ಆದ ಮೇಲೆ, ರಿಸರ್ವ್ ಬ್ಯಾಂಕು ಹಣ ತೆಗೆಯದಂತೆ ತಡೆ ಹಾಕಿದರೂ 90 ದಿನದೊಳಗೆ ವಿಮೆಯ ಹಣ ಕೊಡಬೇಕು. ನಿಮ್ಮ 2.4 ಲಕ್ಷ ಪೂರ್ತಿ ಇದರೊಳಗೆ ಬರುತ್ತದೆ. ಅದನ್ನು ಮುಟ್ಟಬೇಡಿ.

ನನಗೆ ಚಿಂತೆ ಇರುವುದು ನೀವು ಚಿಂತೆಯೇ ಮಾಡದ ಇನ್ನೊಂದು ಮೊತ್ತದ ಬಗ್ಗೆ, ಸೊಸೈಟಿಯ 3 ಲಕ್ಷ. ಸಹಕಾರಿ ಬ್ಯಾಂಕಿಗೆ ಈ ವಿಮೆ ಇದೆ. ಪತ್ತಿನ ಸಹಕಾರಿ ಸಂಘಕ್ಕೆ, ಸೌಹಾರ್ದ ಸಹಕಾರಿಗೆ ಇಲ್ಲ. ಬೋರ್ಡಿನ ಮೇಲೆ ಎಷ್ಟು ದೊಡ್ಡ ಅಕ್ಷರ ಇದ್ದರೂ, ಒಳಗೆ ಏಸಿ ಇದ್ದರೂ ಇಲ್ಲ. ಇದು ನಾನು ಪುಸ್ತಕ ಓದಿ ಹೇಳುತ್ತಿರುವುದಲ್ಲ. ಬ್ಯಾಂಕಿನಲ್ಲಿ ಕುಳಿತು ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನೇ, ಅಪ್ಪನ 80,000ವನ್ನು ನಮ್ಮ ಬದಿಯ ಒಂದು ಸೊಸೈಟಿಯಲ್ಲಿ ಇಟ್ಟಿದ್ದೆ. ಎರಡು ಪರ್ಸೆಂಟ್ ಜಾಸ್ತಿ ಬಡ್ಡಿ, ಕಾರ್ಯದರ್ಶಿ ಪರಿಚಯದವರು. ಒಂದು ದಿನ ಹೋದಾಗ "ಮುಂದಿನ ವಾರ ಬನ್ನಿ" ಅಂದರು. ಆ ಮುಂದಿನ ವಾರ ನಾಲ್ಕು ವರ್ಷ ನಡೆಯಿತು. ಅಪ್ಪ ತೀರಿಹೋದ ಮೇಲೆ ಅಸಲು ಮಾತ್ರ ಬಂತು, ಅದೂ ಮೂರು ಸಲ ತುಂಡು ತುಂಡಾಗಿ.

ಎಲ್ಲ ಸೊಸೈಟಿಯೂ ಹಾಗೆ ಅನ್ನುವುದಿಲ್ಲ. ಐವತ್ತು ಅರವತ್ತು ವರ್ಷದಿಂದ ಚೊಕ್ಕವಾಗಿ ನಡೆಯುವವು ನಮ್ಮಲ್ಲೇ ಬೇಕಾದಷ್ಟಿವೆ. ಆದರೆ ಕೆಟ್ಟ ಕಾಲ ಬಂದಾಗ ಸಾಲ ತೆಗೆದುಕೊಂಡವರು ಕಂತು ಕಟ್ಟುವುದಿಲ್ಲ, ಠೇವಣಿ ಇಟ್ಟವರು ಒಟ್ಟಿಗೆ ಬಾಗಿಲಿಗೆ ಬರುತ್ತಾರೆ. ಆಗ ಸಣ್ಣ ಸಂಸ್ಥೆಗೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಎರಡು ಪರ್ಸೆಂಟ್ ಜಾಸ್ತಿ ಬಡ್ಡಿ ಅಂದರೆ 3 ಲಕ್ಷಕ್ಕೆ ವರ್ಷಕ್ಕೆ 6,000, ತಿಂಗಳಿಗೆ 500 ರೂಪಾಯಿ. ಆ ಐನೂರಕ್ಕೆ ನೀವು 3 ಲಕ್ಷವನ್ನು ವಿಮೆ ಇಲ್ಲದ ಕಡೆ ಬಿಟ್ಟಿದ್ದೀರಿ. ಈಗಲೇ ಒಡೆದರೆ ಬಡ್ಡಿ ಕಡಿತ ಆಗಬಹುದು, ಎಷ್ಟು ಅಂತ ಕೇಳಿ. ಅವಧಿ ಮುಗಿಯಲು ಆರು ತಿಂಗಳೊಳಗೆ ಇದ್ದರೆ ಕಾಯಿರಿ. ಆಮೇಲೆ ಅರ್ಧ ಅಂಚೆ ಕಚೇರಿಗೆ, ಅರ್ಧ ಇನ್ನೊಂದು ಬ್ಯಾಂಕಿಗೆ. ಅಂಚೆ ಕಚೇರಿಯ ಠೇವಣಿಗೆ ಕೇಂದ್ರ ಸರ್ಕಾರವೇ ಜವಾಬ್ದಾರಿ, ಅಲ್ಲಿ 5 ಲಕ್ಷದ ಮಿತಿಯ ಮಾತಿಲ್ಲ. ಚೀಟಿಯದ್ದೂ ಇದೇ ಕತೆ. ನೋಂದಣಿ ಆಗಿರುವ ಚೀಟಿಯಾದರೆ ಸರಿ. ನೆರೆಮನೆಯವರು ನೋಟ್‌ಬುಕ್ಕಿನಲ್ಲಿ ಬರೆದು ನಡೆಸುವುದಾದರೆ, ಈ ಸುತ್ತು ಮುಗಿದ ಮೇಲೆ ಹೊಸದಕ್ಕೆ ಸೇರಬೇಡಿ.

ಇನ್ನು ಶ್ರೀಲಂಕಾ. ಅಲ್ಲಿ 2022ರ ಏಪ್ರಿಲಿನಲ್ಲಿ ಸರ್ಕಾರ ವಿದೇಶಿ ಸಾಲ ಕಟ್ಟುವುದನ್ನು ನಿಲ್ಲಿಸಿತು. ಪೆಟ್ರೋಲಿಗೆ ದಿನಗಟ್ಟಲೆ ಕ್ಯೂ ನಿಂತರು. ಸೆಪ್ಟೆಂಬರಿನಲ್ಲಿ ಬೆಲೆ ಏರಿಕೆ ಶೇ. 70ರ ಹತ್ತಿರ ಹೋಯಿತು. ಡಾಲರಿನಲ್ಲಿ ಮಾಡಿದ ಸಾಲ ಜಾಸ್ತಿ, 2019ರಲ್ಲಿ ತೆರಿಗೆ ಇಳಿಸಿದ್ದರು, ಕೊರೊನಾದಿಂದ ಪ್ರವಾಸಿಗರು ನಿಂತರು, 2021ರಲ್ಲಿ ರಾಸಾಯನಿಕ ಗೊಬ್ಬರ ತರಿಸುವುದನ್ನೇ ನಿಷೇಧಿಸಿ ಭತ್ತದ ಬೆಳೆ ಕೆಡಿಸಿಕೊಂಡರು. ನಾಲ್ಕೂ ಒಟ್ಟಿಗೆ ಬಿತ್ತು. ನಮ್ಮ ಸರ್ಕಾರದ ಸಾಲದ ದೊಡ್ಡ ಪಾಲು ರೂಪಾಯಿಯಲ್ಲಿದೆ, ನಮ್ಮದೇ ಬ್ಯಾಂಕು, ವಿಮಾ ಕಂಪನಿಗಳ ಹತ್ತಿರ ಇದೆ. ಅಕ್ಕಿ, ಗೋಧಿ ನಾವೇ ಬೆಳೆಯುತ್ತೇವೆ. ಹಾಗಾಗಿ ಅದೇ ಕತೆ ಇಲ್ಲಿ ಅಷ್ಟು ಸುಲಭದಲ್ಲಿ ನಡೆಯುವುದಿಲ್ಲ.

ನಮಗೂ ಒಮ್ಮೆ ಹತ್ತಿರ ಬಂದಿತ್ತು. 1991ರಲ್ಲಿ ಸುಮಾರು ಮೂರು ವಾರದ ಆಮದಿಗೆ ಸಾಕಾಗುವಷ್ಟೇ ವಿದೇಶಿ ಹಣ ಉಳಿದು, ರಿಸರ್ವ್ ಬ್ಯಾಂಕಿನ 47 ಟನ್ನಿನಷ್ಟು ಚಿನ್ನವನ್ನು ಅಡವಿಟ್ಟರು. ಜುಲೈಯಲ್ಲಿ ಎರಡು ಕಂತಿನಲ್ಲಿ ರೂಪಾಯಿಯ ಬೆಲೆ ಇಳಿಸಿದರು. ಆಗ ನಾನು ಕೌಂಟರಿನಲ್ಲಿದ್ದೆ. ಬ್ಯಾಂಕಿನ ಎದುರು ಕ್ಯೂ ಇರಲಿಲ್ಲ, ದಂಗೆ ಇರಲಿಲ್ಲ. ಅಂಗಡಿಯಲ್ಲಿ ಎಲ್ಲದರ ರೇಟು ಏರಿತು, ಅಷ್ಟೇ. ಆ "ಅಷ್ಟೇ"ಯಲ್ಲಿ ಎಷ್ಟೋ ಮನೆ ಸೋತವು.

ನಮ್ಮ ದೇಶದಲ್ಲಿ ಕೆಟ್ಟ ಕಾಲ ಬರುವುದು ಹೆಚ್ಚಾಗಿ ಹೀಗೆಯೇ. ಹೊರಗಿನಿಂದ ಬರುವ ವಸ್ತುಗಳ ರೇಟು ಮೊದಲು ಏರುತ್ತದೆ: ಪೆಟ್ರೋಲು, ಗ್ಯಾಸು, ಅಡುಗೆ ಎಣ್ಣೆ. ನಾವು ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಹೊರಗಿನದ್ದು. ನಿಮ್ಮ ಮನೆಯಿಂದ ಬಹಳ ದೂರವಿಲ್ಲದ ಪಾದೂರಿನಲ್ಲಿ ನೆಲದಡಿ ಬಂಡೆ ಕೊರೆದು 25 ಲಕ್ಷ ಟನ್ ತೈಲ ಹಿಡಿಸುವ ಗುಹೆ ಮಾಡಿದ್ದಾರೆ, ಮಂಗಳೂರಿನಲ್ಲಿ 15 ಲಕ್ಷ ಟನ್ನಿನದ್ದು ಇದೆ. ವಿಶಾಖಪಟ್ಟಣದ್ದೂ ಸೇರಿ ಮೂರೂ ತುಂಬಿದ್ದರೆ ಇಡೀ ದೇಶಕ್ಕೆ ಒಂಬತ್ತು ಹತ್ತು ದಿನಕ್ಕಾಗುತ್ತದೆ. ಅಷ್ಟು ದೊಡ್ಡ ಸರ್ಕಾರ ದಾಸ್ತಾನು ಇಡುವುದೂ ದಿನದ ಲೆಕ್ಕದಲ್ಲಿ. ನೀವು ಯಾಕೆ ಒಂದು ವರ್ಷದ ಅಕ್ಕಿಗೆ ಹೊರಟಿದ್ದೀರಿ?

ನಿಮ್ಮ ಮನೆಗೆ ನಿಜವಾದ ಆರ್ಥಿಕ ಕುಸಿತ ಯಾವುದು ಗೊತ್ತಾ? ಗಲ್ಫಿನ 28,000 ನಿಂತುಹೋಗುವುದು. ಅದು ನಿಲ್ಲಲು ದೇಶ ಮುಳುಗಬೇಕಿಲ್ಲ, ಅವರ ಕಂಪನಿಗೆ ಒಂದು ಕಾಂಟ್ರಾಕ್ಟ್ ತಪ್ಪಿದರೆ ಸಾಕು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿಗೆ ನುಗ್ಗಿದಾಗ ಅಲ್ಲಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನದಲ್ಲಿ ತಂದರು. ನಮ್ಮ ಜಿಲ್ಲೆಯವರು ಎಷ್ಟೋ ಜನ ಇದ್ದರು. ಶಾಖೆಗೆ ಬಂದ ಒಬ್ಬರು ದಿನಾರಿನ ನೋಟು ಮೇಜಿನ ಮೇಲೆ ಹರಡಿ, "ಇದನ್ನು ತೆಗೆದುಕೊಳ್ಳುತ್ತೀರಾ" ಅಂತ ಮೆಲ್ಲಗೆ ಕೇಳಿದ್ದರು. ತೆಗೆದುಕೊಳ್ಳುವ ಹಾಗಿರಲಿಲ್ಲ. ಊರಿಗೆ ತಿಂಗಳು ತಿಂಗಳು ಕಳಿಸಿದವರು ಉಳಿದರು. ಹಾಗಾಗಿ ಗಂಡನಿಗೆ ಹೇಳಿ, ಅಲ್ಲಿ ಜಾಸ್ತಿ ಇಟ್ಟುಕೊಳ್ಳುವುದು ಬೇಡ. ಅವರ ಎನ್‌ಆರ್‌ಇ ಖಾತೆಯಿಂದ (ವಿದೇಶದಲ್ಲಿರುವ ಭಾರತೀಯರಿಗೆ ಇಲ್ಲಿನ ಬ್ಯಾಂಕಿನಲ್ಲಿರುವ ಖಾತೆ) ಇಲ್ಲಿ ನೀವು ಹಣ ತೆಗೆಯಲು ಬ್ಯಾಂಕಿಗೆ ಒಪ್ಪಿಗೆ ಪತ್ರ ಕೊಡಬಹುದು. ಮುಂದಿನ ರಜೆಯಲ್ಲಿ ಬಂದಾಗ ಆ ಕೆಲಸ ಮುಗಿಸಿಕೊಳ್ಳಿ.

ಈಗ ಲೆಕ್ಕ. ಚೀಟಿ ಬಿಟ್ಟು, ಕಂತು ಮತ್ತು ಮನೆ ಖರ್ಚು ಸೇರಿ 36,000. ಅವರ ಹಣ ನಿಂತರೆ ನಿಮ್ಮ ಸಂಬಳ 16,000, ತಿಂಗಳಿಗೆ 20,000 ಕಡಿಮೆ ಬೀಳುತ್ತದೆ. 2.4 ಲಕ್ಷದ ಎಫ್‌ಡಿ 12 ತಿಂಗಳು ಬರುತ್ತದೆ. ರೇಟು ಏರಿ ಮನೆ ಖರ್ಚು 27,000 ಆಯಿತು ಅಂತ ಇಟ್ಟುಕೊಳ್ಳಿ, ಆಗಲೂ ಒಂಬತ್ತು ತಿಂಗಳಿಗೆ ತೊಂದರೆ ಇಲ್ಲ. ನಿಮ್ಮ ಶಾಲೆಯೂ ಸಂಬಳ ನಿಲ್ಲಿಸಿತು, 2020ರಲ್ಲಿ ಎಷ್ಟೋ ಖಾಸಗಿ ಶಾಲೆಗಳಲ್ಲಿ ಆದ ಹಾಗೆ. ಆಗ ಈಗಿನ ಖರ್ಚಿನ ಲೆಕ್ಕದಲ್ಲಿ ಆರು ತಿಂಗಳು ಚಿಲ್ಲರೆ. ಇದರ ಹಿಂದೆ ಸೊಸೈಟಿಯ 3 ಲಕ್ಷವೂ ಭದ್ರವಾದ ಜಾಗಕ್ಕೆ ಬಂದರೆ, ನೀವು ಆ ವೀಡಿಯೋ ಮಾಡಿದವನಿಗಿಂತ ಚೆನ್ನಾಗಿ ತಯಾರಾಗಿದ್ದೀರಿ.

ಎಫ್‌ಡಿ ಅವಧಿ ಮುಗಿದಾಗ ಒಂದೇ ಮೊತ್ತವಾಗಿ ಇಡಬೇಡಿ, 40,000ದ ಆರು ತುಂಡು ಮಾಡಿ. ಬೇಕಾದಾಗ ಒಂದನ್ನು ಮಾತ್ರ ಒಡೆಯಬಹುದು, ಉಳಿದದ್ದರ ಬಡ್ಡಿ ಕೆಡುವುದಿಲ್ಲ. ಮನೆ ಸಾಲದ ವಿಷಯದಲ್ಲಿ ನನ್ನ ಒಂದೇ ಬೇಡಿಕೆ: ಕಂತು ಕಟ್ಟಲು ಆಗುವುದಿಲ್ಲ ಅಂತ ಗೊತ್ತಾದ ದಿನವೇ ಬ್ಯಾಂಕಿಗೆ ಹೋಗಿ. 90 ದಿನ ಬಾಕಿ ಆದರೆ ಸಾಲ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ, ಆಮೇಲೆ ಮ್ಯಾನೇಜರ್ ಎಷ್ಟು ಒಳ್ಳೆಯವರಾದರೂ ಕೈ ಕಟ್ಟಿರುತ್ತದೆ. ಅದಕ್ಕೆ ಮೊದಲು ಬಂದರೆ ಅವಧಿ ಉದ್ದ ಮಾಡುವ ದಾರಿ ಇರುತ್ತದೆ. ಜನ ನಾಚಿಕೆಯಿಂದ ಫೋನ್ ಎತ್ತುವುದನ್ನೇ ಬಿಡುತ್ತಾರೆ. ನಾನು ನೋಡಿದ ಮನೆ ಹರಾಜುಗಳಲ್ಲಿ ಅರ್ಧಕ್ಕರ್ಧ ಹಾಗೆ ಆದದ್ದು.

ಚಿನ್ನ ಇನ್ನು ಬೇಡ. 12 ಪವನು ಅಂದರೆ 96 ಗ್ರಾಂ, ನಿಮ್ಮ ಮಟ್ಟದ ಮನೆಗೆ ಅದು ಧಾರಾಳ. ಒಡವೆ ಮಾಡಿಸಿದರೆ ಮಜೂರಿ ಹೋಯಿತು, ಶೇ. 3 ಜಿಎಸ್‌ಟಿ ಹೋಯಿತು, ಮಾರುವಾಗ ಅದು ಬರುವುದಿಲ್ಲ. ಇರುವುದನ್ನು ಕಷ್ಟಕಾಲದಲ್ಲಿ ಬ್ಯಾಂಕಿನಲ್ಲಿ ಅಡವಿಡಲು ಇಟ್ಟುಕೊಳ್ಳಿ. ಗಲಾಟೆಯ ಹೆದರಿಕೆಯಿಂದ ಲಾಕರಿನಿಂದ ಮನೆಗೆ ತರುವುದು ತಿರುಗಾಮುರುಗಾ ಬುದ್ಧಿ. ಆದರೆ ಒಂದು ತಿಳಿದಿರಲಿ: ಲಾಕರಿನದ್ದು ಕಳವಾದರೆ, ಬೆಂಕಿಗೆ ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು ಮಾತ್ರ.

ಎಲ್ಲ ನಗದು ಮಾಡಿ ಮನೆಯಲ್ಲಿಡಿ ಅನ್ನುವವರಿಗೆ ನಾನು ಮಲ್ಪೆಯ ಕತೆ ಹೇಳುತ್ತೇನೆ. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾಯಿತು, 10ಕ್ಕೆ ಬ್ಯಾಂಕು ತೆರೆಯಿತು. ಮೀನು ಮಾರುವ ಒಬ್ಬ ಹೆಂಗಸು ಸೆರಗಿನ ಅಡಿಯಿಂದ ಹಾರ್ಲಿಕ್ಸ್ ಬಾಟಲಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಸುರುಳಿ ಸುತ್ತಿದ ನೋಟುಗಳು, ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ಯಾನಿನ ಕೆಳಗೆ ಪೇಪರ್ ಹಾಸಿ ಒಂದೊಂದಾಗಿ ಬಿಡಿಸಿದೆವು. 68,000 ಇತ್ತು. "ಗಂಡನಿಗೆ ಹೇಳಬೇಡಿ ಸಾರ್" ಅಂದರು. ಅವರೂ ಕೆಟ್ಟ ಕಾಲಕ್ಕೇ ಕೂಡಿಟ್ಟದ್ದು. ಕೆಟ್ಟ ಕಾಲ ಬಂದಾಗ ಕೆಲಸಕ್ಕೆ ಬಾರದೆ ಹೋದದ್ದು ಆ ನೋಟೇ. ಮರುವಾರ ಇನ್ನೊಂದು ನೋಡಿದೆ. ಅದೇ ಹೆಂಗಸು ಚಿಲ್ಲರೆ ಇಲ್ಲದವರಿಗೆಲ್ಲ ಮೀನು ಸಾಲ ಕೊಡುತ್ತಿದ್ದರು, ಲೆಕ್ಕ ಎಲ್ಲ ತಲೆಯಲ್ಲೇ.

ಹಾಗಂತ ಕೈಯಲ್ಲಿ ಏನೂ ಇಲ್ಲದಿರುವುದೂ ತಪ್ಪು. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಕರ್ಫ್ಯೂ ಹಾಕಿ, ಮೊಬೈಲ್ ಇಂಟರ್ನೆಟ್ ನಿಲ್ಲಿಸಿದಾಗ ಫೋನಿನಲ್ಲೇ ಹಣ ಕೊಟ್ಟು ಅಭ್ಯಾಸ ಆದವರು ಹಾಲಿನ ಅಂಗಡಿಯ ಎದುರು ಪೆಚ್ಚಾಗಿ ನಿಂತಿದ್ದರು. 15,000 ರೂಪಾಯಿ ಸಾಕು, ಮೂರು ವಾರದ ಖರ್ಚಿಗೆ ಆಗುತ್ತದೆ. ಹೆಚ್ಚಿನದ್ದು 100, 50, 20ರ ನೋಟಿರಲಿ. ಗಾಳಿ ಹೋಗದ ಡಬ್ಬಿಯಲ್ಲಿ ಇಡಿ, ಮರದ ಕಪಾಟಿನಲ್ಲಿ ಬೇಡ. ಗೆದ್ದಲಿಗೆ ಗಾಂಧಿಯ ಮುಖದ ಮೇಲೆ ಗೌರವ ಇಲ್ಲ.

ಗಲಾಟೆಯ ವಿಷಯಕ್ಕೆ ಬಂದೆವು. ಅದು ನಮ್ಮ ಕರಾವಳಿಗೆ ಹೊಸದಲ್ಲ, ನಾವೇನು ಮುಚ್ಚಿಡುವುದು. ನಾನು ನೋಡಿದಷ್ಟರಲ್ಲಿ ಮನೆಯೊಳಗೆ ಇದ್ದವರಿಗೆ ಕಷ್ಟ ಆದದ್ದು ಹಾಲು, ಮಾತ್ರೆ, ದಿನಗೂಲಿ ಇಲ್ಲದೆ. ಹೊರಗೆ ಪೆಟ್ಟು ತಿಂದವರಲ್ಲಿ "ಏನಾಗಿದೆ ನೋಡಿ ಬರುತ್ತೇನೆ" ಅಂತ ಹೋದವರೂ ಇದ್ದರು. ತಮ್ಮನಿಗೆ ಹೇಳಿ, ಕಾಯಿ ಕೀಸುವ ಕತ್ತಿ ಎಲ್ಲರ ಮನೆಯಲ್ಲೂ ಇದೆ, ಅದಕ್ಕಿಂತ ದೊಡ್ಡ ಆಯುಧ ಇಟ್ಟವನು ಮೊದಲು ಪೊಲೀಸ್ ಕೇಸಿಗೆ ಸಿಗುತ್ತಾನೆ. ಅದರ ಬದಲು ಅವನ ಅಂಗಡಿಗೆ ವಿಮೆ ಇದೆಯಾ ಕೇಳಿ. ಸಣ್ಣ ವ್ಯಾಪಾರಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಮನೆಗೆ ಭಾರತ್ ಗೃಹ ರಕ್ಷಾ ಅಂತ ಪಾಲಿಸಿಗಳಿವೆ. ಎರಡರಲ್ಲೂ ಗಲಭೆ, ಮುಷ್ಕರದಲ್ಲಿ ಆದ ಹಾನಿ ಸೇರಿದೆ. ಆ ಗಲಭೆಯಿಂದಾಗಿ ಏಳು ದಿನದೊಳಗೆ ಆದ ಕಳವೂ ಸೇರುತ್ತದೆ. ಸ್ಟಾಕಿನ ಬಿಲ್ಲುಗಳ ಫೋಟೋ ತೆಗೆದು ಬೇರೆ ಕಡೆ ಇಟ್ಟುಕೊಳ್ಳಲಿ. ನಿಮ್ಮ ಸ್ಕೂಟರಿಗೆ ಥರ್ಡ್ ಪಾರ್ಟಿ ಮಾತ್ರ ಇದ್ದರೆ, ಯಾರಾದರೂ ಸುಟ್ಟರೆ ಏನೂ ಸಿಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಇನ್ನೊಂದು, ಹಿತ್ತಿಲಿನ ಬೇಲಿಯ ಆಚೆ ಇರುವವರು ಯಾವ ಜಾತಿ, ಯಾವ ಧರ್ಮದವರೇ ಆಗಲಿ, ಅವರ ಫೋನ್ ನಂಬರ್ ಇಟ್ಟುಕೊಳ್ಳಿ. ಕರ್ಫ್ಯೂ ದಿನ ಮಾತ್ರೆ, ಹಾಲು ಬರುವುದು ಆ ಬೇಲಿಯ ಸಂದಿಯಿಂದ.

ಅತ್ತೆ ಯಾಕೆ ನಗುತ್ತಾರೆ ಅಂತ ನನಗೆ ಗೊತ್ತಾಯಿತು. ಅವರ ಕಾಲದಲ್ಲಿ ಪ್ರತಿ ವರ್ಷ ಮೇ ತಿಂಗಳಲ್ಲಿ ಈ ತಯಾರಿ ನಡೆಯುತ್ತಿತ್ತು. ಹುಲ್ಲಿನ ಮುಡಿ ಕಟ್ಟಿದ ಅಕ್ಕಿ, ಉಪ್ಪುನೀರಿನಲ್ಲಿ ಹಾಕಿದ ಮಾವಿನಕಾಯಿ, ಹಲಸಿನ ಸೊಳೆ, ಹಪ್ಪಳ, ಒಣಮೀನು, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಒಲೆಗೆ ಒಣಗಿದ ತೆಂಗಿನ ಮಡಲಿನ ರಾಶಿ. ಮಳೆಗಾಲದ ಆಟಿ ತಿಂಗಳಲ್ಲಿ ಕೆಲಸವೂ ಇಲ್ಲ, ಪೇಟೆಗೆ ದಾರಿಯೂ ಇಲ್ಲ. ಈಗಲೂ ಜೂನ್ 1ರಿಂದ 61 ದಿನ ಮೀನುಗಾರಿಕೆಯ ಯಾಂತ್ರಿಕ ಬೋಟು ಇಳಿಯುವುದಿಲ್ಲ, ಘಾಟಿಯಲ್ಲಿ ಗುಡ್ಡ ಜರಿದರೆ ಮೇಲಿನ ತರಕಾರಿ ಬರುವುದಿಲ್ಲ. ಹಾಗಾಗಿ ಯಾದಿ ನನ್ನನ್ನು ಕೇಳಬೇಡಿ, ಅವರನ್ನು ಕೇಳಿ. ನಾಲ್ಕು ಜನಕ್ಕೆ ದಿನಕ್ಕೆ ಒಂದು ಕೆಜಿ ಕುಚ್ಚಲಕ್ಕಿ ಅಂದರೂ ತಿಂಗಳಿಗೆ 30 ಕೆಜಿ. ತಿಂಗಳ ಅಕ್ಕಿಯ ಮೇಲೆ ಇನ್ನೊಂದು ತಿಂಗಳದ್ದು ಇದ್ದರೆ ಸಾಕು. ಜಾಸ್ತಿ ತಂದರೆ ನಮ್ಮ ಹವೆಗೆ ಹುಳ ಹಿಡಿಯುತ್ತದೆ. ಜೊತೆಗೆ ಹುರುಳಿ, ಉಪ್ಪು, ಬೆಲ್ಲ, ತೆಂಗಿನೆಣ್ಣೆ. 2025ರಲ್ಲಿ ಅದರ ರೇಟು ಏರಿದ್ದು ನೋಡಿದ್ದೀರಿ, ಹಾಗಾಗಿ ಎರಡು ಲೀಟರಿಗೇ ನಿಲ್ಲಿಸಿ. ಮನೆಯಲ್ಲಿ ಯಾವಾಗಲೂ ತಿನ್ನುವುದನ್ನೇ ತನ್ನಿ, ಹಳೆಯದನ್ನು ಮೊದಲು ಮುಗಿಸಿ.

ನಿಮ್ಮ 3,000ವನ್ನು ಹೀಗೆ ಹಂಚುತ್ತಿದ್ದೆ. ಮೊದಲ ತಿಂಗಳು ಅತ್ತೆಯ ಮಾತ್ರೆ, ಒಂದು ತಿಂಗಳದ್ದು ಹೆಚ್ಚಿಗೆ. ಜನೌಷಧಿ ಅಂಗಡಿಯಲ್ಲಿ ಅದೇ ಮಾತ್ರೆ ಎಷ್ಟೋ ಕಡಿಮೆಗೆ ಸಿಗುತ್ತದೆ, ಔಷಧದ ಚೀಟಿ ತೋರಿಸಿ ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳಿ. ಅದೇ ತಿಂಗಳು ನಿಮ್ಮ ಖಾತೆಯಿಂದ ವರ್ಷಕ್ಕೆ 436 ಮತ್ತು 20 ರೂಪಾಯಿಯ ಎರಡು ಪ್ರಧಾನಮಂತ್ರಿ ವಿಮೆ. ಮೊದಲನೆಯದು ಜೀವ ವಿಮೆ, ಎರಡನೆಯದು ಅಪಘಾತದ್ದು, ಎರಡೂ 2 ಲಕ್ಷದವು. ಎರಡನೆಯ ತಿಂಗಳು ಅಕ್ಕಿ, ಬೇಳೆ, ಒಳ್ಳೆಯ ಟಾರ್ಚು. ಆಮೇಲಿನ ಐದು ತಿಂಗಳು ಆ ಡಬ್ಬಿಯ 15,000. ಅಷ್ಟರಲ್ಲಿ ಸೊಸೈಟಿಯ ರಸೀದಿಯ ತಾರೀಕೂ ಹತ್ತಿರ ಬಂದಿರುತ್ತದೆ.

ಇನ್ವರ್ಟರ್ ಕೊನೆಗೆ ನೋಡೋಣ. ಪಕ್ಕದ ಎಲ್ಲೂರಿನಲ್ಲಿ ಅಷ್ಟು ದೊಡ್ಡ ವಿದ್ಯುತ್ ಸ್ಥಾವರ ಇದ್ದೂ ಮೊದಲ ಮಳೆಗೆ ನಿಮ್ಮಲ್ಲಿ ಕರೆಂಟು ಹೋಗುತ್ತದೆ ಅಂತ ಗೊತ್ತು, ಆದರೆ ಕರೆಂಟು ಹೋದಾಗ ಮೊದಲು ನಿಲ್ಲುವುದು ಬಾವಿಯ ಪಂಪು. ಅದಕ್ಕೆ ಒಂದು ಹಗ್ಗ, ಒಂದು ಕೊಡಪಾನ ಸಾಕು. ಹಳೆಯ ರಾಟೆ ಇನ್ನೂ ಅಟ್ಟದಲ್ಲಿದೆಯಾ, ಗುಜರಿಗೆ ಹೋಯಿತಾ ಅಂತ ಇವತ್ತು ಅತ್ತೆಯನ್ನು ಕೇಳಿ ನೋಡಿ.